ಕೊಟ್ಟ ಮಾತೂ ಕೈಸೇರಿದ ವಸ್ತುವೂ

2012ರ ಏಪ್ರಿಲ್ ತಿಂಗಳಲ್ಲಿ, ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದಲ್ಲಿ ಇಂಜಿನಿಯರಿಂಗ್ ಕಲಿತ ಎರಿಕ್ ಮಿಜಿಕೋವ್‌ಸ್ಕಿ ಎಂಬ ತರುಣರು, ಫೋನಿಗೆ ಬಂದ ಕರೆಯನ್ನೂ ಸಂದೇಶವನ್ನೂ ಮಣಿಕಟ್ಟಿನ ಮೇಲೆಯೇ ತೋರಿಸಬಲ್ಲ ‘ಪೆಬ್ಬಲ್’ ಎಂಬ ಗಡಿಯಾರದ ನಿರ್ಮಾಣಕ್ಕಾಗಿ, ಹಣ ಕೂಡಿಸುವ ಜಾಲತಾಣವಾದ ಕಿಕ್‌ಸ್ಟಾರ್ಟರ್ ಮೂಲಕ ಜನರಲ್ಲಿ ಒಂದು ಲಕ್ಷ ಡಾಲರುಗಳನ್ನು ಬೇಡಿದರು. ಮೇ 18ರಂದು ಲೆಕ್ಕ ಮುಗಿದಾಗ 68,929 ಮಂದಿ ಕೊಟ್ಟ ಹಣ ಒಂದು ಕೋಟಿ ಎರಡು ಲಕ್ಷ ಡಾಲರುಗಳನ್ನು ಮೀರಿತ್ತು. ಆ ಮೊತ್ತದ ವಿಷಯವಾಗಿ ಲೋಕ ಬೆರಗಾದುದು ಸಹಜವೇ. ಆದರೆ ವಿಮರ್ಶೆಗೆ ನಿಜವಾಗಿ ಅರ್ಹವಾದುದು, ಅಲ್ಲಿಂದ ಮುಂದೆ 2013ರ ಜನವರಿ 23ರಂದು ಮೊದಲ ಗಡಿಯಾರಗಳು ಹೊರಡುವವರೆಗೆ, ತೋರಿಕೆಯ ಮಾದರಿಯನ್ನು ತಯಾರಿಕೆಯ ವಸ್ತುವನ್ನಾಗಿ ತಿದ್ದುವುದರಲ್ಲಿ ಕಳೆದ ಎಂಟು ತಿಂಗಳ ಪರಿಶ್ರಮವೆಂದು ನಾನು ಬಲವಾಗಿ ನಂಬುತ್ತೇನೆ.

ಒಂದು ಗಡಿಯಾರಕ್ಕೆ 115 ಡಾಲರಿನಂತೆ ಎಣಿಸಿದರೆ, ಮೊದಲು ಬೇಡಿದ ಹಣ ಸಾವಿರ ಗಡಿಯಾರಗಳಿಗೂ ಸಾಲದಷ್ಟು. ಅಷ್ಟನ್ನು ಮೇಜಿನ ಮೇಲೆ ಕೈಯಿಂದ ಜೋಡಿಸಿಯಾದರೂ ಕೊಡಬಹುದಿತ್ತು. ಹತ್ತಾರು ಸಾವಿರಕ್ಕೆ ಉಕ್ಕಿನ ಅಚ್ಚನ್ನೇ ಕೊರೆಯಿಸಬೇಕು, ಮತ್ತು ಅಚ್ಚಿಗೆ ತನ್ನದೇ ಆದ ಶಾಸನವಿದೆ. ಸಂಕ್ರಾಂತಿಯಲ್ಲಿ ಸಕ್ಕರೆ ಅಚ್ಚು ಹಾಕಿದವರು ಇದನ್ನು ಬಲ್ಲರು: ಮರದ ಎರಡು ಹೋಳುಗಳನ್ನು ನೀರಿನಲ್ಲಿ ನೆನೆಸಿ, ಬಿಗಿಯಾಗಿ ಕಟ್ಟಿ, ಕಾದ ಪಾಕವನ್ನು ಹೊಯ್ದು, ಆರಿದ ಮೇಲೆ ಬಿಡಿಸುವಾಗ, ಕೆತ್ತನೆಯ ಒಳಗೋಡೆ ಹೊರಮುಖವಾಗಿ ತುಸು ಇಳಿಜಾರಾಗಿಲ್ಲದಿದ್ದರೆ ಆನೆಯ ಸೊಂಡಿಲು ಅಚ್ಚಿನಲ್ಲೇ ಉಳಿದುಬಿಡುತ್ತದೆ. ಪ್ಲಾಸ್ಟಿಕ್ಕಿನ ಕವಚಕ್ಕೂ ಅದೇ ನಿಯಮ. ಗೋಡೆಗೆ ಒಂದೆರಡು ಡಿಗ್ರಿಗಳ ಓರೆ ಬೇಕು, ದಪ್ಪ ಎಲ್ಲೆಡೆಯೂ ಸಮನಾಗಿರಬೇಕು. ಇಲ್ಲವಾದರೆ ದಪ್ಪವಾದ ಎಡೆಯು ನಿಧಾನವಾಗಿ ಆರಿ, ಕುಗ್ಗಿ, ಮೇಲ್ಮೈಯಲ್ಲಿ ಗುಳಿಬೀಳುತ್ತದೆ. ಆದುದರಿಂದ ಚಿತ್ರದಲ್ಲಿ ಮೋಹಗೊಳಿಸಿದ ರೇಖೆ ಅಚ್ಚಿನ ಮುಂದೆ ಬಾಗಲೇಬೇಕಾಗುವುದು. ಉಕ್ಕನ್ನು ಒಮ್ಮೆ ಕೊರೆದ ಮೇಲೆ ಮಾಡುವ ತಿದ್ದುಪಡಿ ದುಬಾರಿಯಾದುದರಿಂದ, ಆ ಬಾಗುವಿಕೆಯನ್ನೆಲ್ಲ ಮುಂಚೆಯೇ ಯೋಚಿಸಿಡಬೇಕಾಗುವುದು.

ಪೆಬ್ಬಲ್ಲಿನ ಪರಿಷ್ಕಾರಗಳಲ್ಲಿ ಅತ್ಯಂತ ಫಲವತ್ತಾದುದು ಜಲನಿರೋಧದ ನಿರ್ಧಾರ. ಹಣ ಸೇರುತ್ತಿದ್ದಾಗಲೇ ಕೊಟ್ಟ ಈ ಮಾತು ಕೊನೆಗೆ 5 ಅಟ್ಮಾಸ್ಫಿಯರ್ ಒತ್ತಡವನ್ನು ತಾಳುವ ಕವಚವಾಗಿ ಸಿದ್ಧಿಸಿತು. ಹೇಳುವುದಕ್ಕೆ ಒಂದೇ ಗುಣ. ಮಾಡುವುದಕ್ಕೆ ಅದು ವಸ್ತುವಿನ ಅಂಗಾಂಗಗಳನ್ನೆಲ್ಲ ಕದಲಿಸುವ ಸಂಕಲ್ಪ. ಚಾರ್ಜಿಗೆ ತೆರೆದ ರಂಧ್ರವಿಟ್ಟರೆ ನೀರಿಗೆ ಬಾಗಿಲಿಟ್ಟಂತೆ. ಹೀಗಾಗಿ ಪಕ್ಕದಲ್ಲಿ ಲೋಹದ ಸಣ್ಣ ಬಿಂದುಗಳನ್ನಿರಿಸಿ, ಅಯಸ್ಕಾಂತದಿಂದ ತಾನಾಗಿಯೇ ಬಂದು ಹಿಡಿದುಕೊಳ್ಳುವ ತಂತಿಯನ್ನು ಕಲ್ಪಿಸಿದರು. ಎಡಕ್ಕೆ ಒಂದು, ಬಲಕ್ಕೆ ಮೂರು ಇದ್ದ ಗುಂಡಿಗಳಲ್ಲಿ ಒಂದೊಂದೂ ನೀರು ನುಸುಳುವ ಸಂದಾದುದರಿಂದ, ಬೆರಳಿಗೆ ಸಡಿಲವೂ ನೀರಿಗೆ ಬಿಗಿಯೂ ಆಗಿರುವಂತೆ ಅವುಗಳನ್ನು ಹೊಂದಿಸಬೇಕಾಯಿತು. ಬೆವರಿನಲ್ಲೂ ಮಳೆಯಲ್ಲೂ ಮೈಗಂಟಿರುವ ವಸ್ತುವಿಗೆ ಇದು ಅಲಂಕಾರವಾಗಿರದೆ ಧರ್ಮವೇ ಆಗಿತ್ತು; ಗಡಿಯಾರ ತಲುಪಿಸುವೆವೆಂದು ಹೇಳಿದ್ದ ಸೆಪ್ಟೆಂಬರಿನ ಗಡುವು ಜಾರಿತಾದರೂ ಆ ಜಾರಿಕೆಗೆ ಪ್ರತಿಫಲ ಸಂದಿತು.

ವಿಳಂಬವಾದಾಗ ಹಣ ಕೊಟ್ಟವರು ನೊಂದುಕೊಳ್ಳುವುದು ನ್ಯಾಯವೇ. ಆದರೆ ಇಂಥ ಯೋಜನೆಗಳಲ್ಲಿ ಮುಕ್ಕಾಲು ಪಾಲಿಗೂ ಮಿಕ್ಕವು ಹೇಳಿದ ದಿನಕ್ಕೆ ತಲುಪವೆಂದು ಈಥನ್ ಮಾಲಿಕ್ ಅವರ 2014ರ ಅಧ್ಯಯನ ತೋರಿಸಿದೆ; ಹಾಗಿರುವಾಗ ತಡವಾಯಿತೇ ಎಂಬುದಕ್ಕಿಂತ, ತಡವಾದ ದಿನಗಳನ್ನು ಯಾವುದಕ್ಕೆ ವ್ಯಯಿಸಿದರು ಎಂಬುದೇ ಹೆಚ್ಚು ತೂಕದ ಪ್ರಶ್ನೆ. ಇಂಥದೇ ಇನ್ನೊಂದು ಯೋಜನೆಯಾದ ಔಯಾ ಎಂಬ ಆಟದ ಯಂತ್ರದ ಕೈಹಿಡಿಯಲ್ಲಿ ಗುಂಡಿಗಳು ಮುಖಫಲಕದಡಿ ಸಿಕ್ಕಿಕೊಳ್ಳುವುವೆಂದು ಮೊದಲು ಪಡೆದವರು ದೂರಿದಾಗ, ಫಲಕದ ರಂಧ್ರಗಳನ್ನು ಹಿಗ್ಗಿಸಿದರು. 2013ರ ಜೂನ್ 4ರ ಅಂಗಡಿ ಮಾರಾಟ ಜೂನ್ 25ಕ್ಕೆ ಹೋಯಿತು. ಕೂದಲೆಳೆಯಷ್ಟರ ತಿದ್ದುಪಡಿಯಾದರೂ ಆಡುವವನ ಹೆಬ್ಬೆರಳಿಗೆ ಅದೇ ಸರ್ವಸ್ವ. ಇದಕ್ಕೆ ಪ್ರತಿಯಾಗಿ, ಅದೇ ವರ್ಷ ಹತ್ತು ಲಕ್ಷ ಡಾಲರುಗಳನ್ನು ಮೀರಿ ಪಡೆದ ಸಿಎಸ್‌ಟಿ-01 ಎಂಬ ಗಡಿಯಾರ, 0.8 ಮಿಲಿಮೀಟರಿನ ತೆಳುವನ್ನೇ ತನ್ನ ಪ್ರತಿಜ್ಞೆಯನ್ನಾಗಿ ಮಾಡಿಕೊಂಡಿದ್ದಿತು. ಪೆಬ್ಬಲ್ ಮಾತು ಕೊಟ್ಟದ್ದು ಒಂದು ಪ್ರಯೋಜನಕ್ಕೆ, ಆದ್ದರಿಂದ ಆಕೃತಿಯನ್ನು ಬಿಟ್ಟುಕೊಡಲು ಅದಕ್ಕೆ ಎಡೆಯಿತ್ತು. ಸಿಎಸ್‌ಟಿ ಮಾತು ಕೊಟ್ಟದ್ದು ಒಂದು ಅಳತೆಗೇ. ತೆಳುವನ್ನು ಬಿಟ್ಟರೆ ಅದಕ್ಕೆ ಉಳಿಯುವುದೇನೂ ಇರಲಿಲ್ಲ. ಹಣ ಕೊಟ್ಟವರಲ್ಲಿ ಬಹುಮಂದಿಗೆ ಗಡಿಯಾರ ತಲುಪಲೇ ಇಲ್ಲ.

ಇಷ್ಟು ಮೆಚ್ಚಿಕೊಂಡ ಮೇಲೆ ಪೆಬ್ಬಲ್ಲಿನ ಕೊರತೆಯನ್ನೂ ಹೇಳಬೇಕು. ಆ ಕೊರತೆ ಹುಟ್ಟಿದ್ದು ಅದರ ಗುಣದ ಗರ್ಭದಲ್ಲಿಯೇ. ನೀರು ಹೊಗದಂತೆ ಮುಚ್ಚಿದ ಕವಚ ಕೊಂಡವನ ಕೈಗೂ ತೆರೆಯದಾಯಿತು. ಒಳಗಣ ಬ್ಯಾಟರಿಯನ್ನು ಬದಲಿಸಿಕೊಳ್ಳುವ ಏರ್ಪಾಡನ್ನು ಕಲ್ಪಿಸಲಿಲ್ಲ. ಹಳೆಯ ಕೈಗಡಿಯಾರಗಳಲ್ಲಿ ತಿರುಪಿನ ಹಿಂಬದಿಗೆ ರಬ್ಬರಿನ ಬಳೆಯಿಟ್ಟು ನೀರನ್ನೂ ತಡೆದು, ರಿಪೇರಿಯವನಿಗೆ ದಾರಿಯನ್ನೂ ಬಿಟ್ಟಿದ್ದರೆಂಬುದನ್ನು ನೆನೆದರೆ, ಬೆಲೆಗೂ ಗಾತ್ರಕ್ಕೂ ತುಸು ಹೊರೆಯಾಗಿದ್ದರೂ, ಬೇರೊಂದು ಮಾರ್ಗ ಅಸಾಧ್ಯವಾಗಿರಲಿಲ್ಲವೆನಿಸುತ್ತದೆ. 2016ರ ಡಿಸೆಂಬರಿನಲ್ಲಿ ಕಂಪನಿ ಬಾಗಿಲು ಮುಚ್ಚಿ, ಅದರ ಸ್ವತ್ತಿನ ಬಹುಭಾಗ ಫಿಟ್‌ಬಿಟ್ ಸಂಸ್ಥೆಯ ಪಾಲಾದಾಗ, ಮಾಡಿದವರಿಲ್ಲದ ಆ ಗಡಿಯಾರಗಳು ತಮ್ಮ ಬ್ಯಾಟರಿಯ ಆಯುಷ್ಯಕ್ಕೆ ಕಟ್ಟುಬಿದ್ದು ಉಳಿದುವು.

ಅಚ್ಚು ಕೊರೆಯುವ ಮುನ್ನ ತಯಾರಕನು ಮಳೆಯನ್ನು ನೆನೆದನು, ಬೆವರನ್ನು ನೆನೆದನು, ಬೆರಳನ್ನು ನೆನೆದನು. ಅದಕ್ಕಾಗಿ ಅವನು ನಮ್ಮ ಕೃತಜ್ಞತೆಗೆ ಪಾತ್ರನು. ತಾನಿಲ್ಲದ ದಿನ ಈ ಕವಚವನ್ನು ಯಾರು, ಹೇಗೆ ತೆರೆಯಬೇಕೆಂಬುದನ್ನೂ ಆ ಎಂಟು ತಿಂಗಳುಗಳಲ್ಲಿ ನೆನೆದಿದ್ದರೆ, ನೋಡದೆಯೇ ನಂಬಿ ಹಣ ಕೊಟ್ಟವರ ಋಣ ಪೂರ್ತಿಯಾಗಿ ತೀರುತ್ತಿತ್ತು.