ಆರ್ ಭಾಷೆಯ ಅತ್ಯುಪಚಾರ

ಸಂಖ್ಯಾಶಾಸ್ತ್ರದ ಗಣನಕಾರ್ಯಕ್ಕೆಂದೇ ಹುಟ್ಟಿದ ಆರ್ ಭಾಷೆಯ ಪ್ರಸ್ತಾಪ ಬಂದೊಡನೆ, ಇತರ ಭಾಷೆಗಳಲ್ಲಿ ಪಳಗಿದ ಪ್ರೋಗ್ರಾಮರುಗಳ ಮುಖದಲ್ಲಿ ಒಂದು ಬಗೆಯ ಕಿರುನಗೆ ಮೂಡುವುದುಂಟು. ಹೆಸರಿಗೆ ಬೆಲೆಯನ್ನು ಕೊಡಲು ಸಮಚಿಹ್ನೆಯಿರುವಾಗ ಎಡಕ್ಕೆ ತಿರುಗಿದ ಬಾಣವೇಕೆ, ಹೆಸರುಗಳ ನಡುನಡುವೆ ಚುಕ್ಕಿಯೇಕೆ, ಎಣಿಕೆಯು ಸೊನ್ನೆಯಿಂದ ಮೊದಲಾಗದೆ ಒಂದರಿಂದ ಮೊದಲಾಗುವುದೇಕೆ ಎಂದು ಅವರು ಒಂದೊಂದಾಗಿ ಬೆರಳು ಮಡಿಸುತ್ತಾರೆ. ಈ ಆಕ್ಷೇಪಣೆಗಳಲ್ಲಿ ಬಹುಪಾಲು ಭಾಷೆಯ ವೇಷಕ್ಕೆ ಸಂಬಂಧಿಸಿದವು. ಅದರ ಶೀಲದಲ್ಲಿಯೂ ದೋಷವಿಲ್ಲದಿಲ್ಲ; ಆದರೆ ಆ ದೋಷವನ್ನು ಕಾಣಬೇಕಾದರೆ ಬೇರೆ ಭಾಷೆಗಳ ಅಳತೆಗೋಲನ್ನು ಬದಿಗಿಟ್ಟು, ಆರ್ ತಾನೇ ರೂಪಿಸಿಕೊಂಡ ಅತ್ಯುತ್ತಮ ತತ್ತ್ವದಿಂದ ಅದನ್ನು ಅಳೆಯಬೇಕು.

ಈ ವಂಶದ ಮೂಲ ಎಸ್ ಎಂಬ ಭಾಷೆ. 1976ರ ಮೇ ತಿಂಗಳಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಜಾನ್ ಚೇಂಬರ್ಸರೂ ಅವರ ಸಹೋದ್ಯೋಗಿಗಳೂ ಕುಳಿತು ಅದರ ರೂಪರೇಖೆಯನ್ನು ಚರ್ಚಿಸಿದರು. ಫೋರ್ಟ್ರಾನಿನಲ್ಲಿ ಬರೆದಿಟ್ಟಿದ್ದ ಗಣನವಿಧಾನಗಳನ್ನು, ಪ್ರತಿಸಲವೂ ಹೊಸದೊಂದು ಪ್ರೋಗ್ರಾಮ್ ಬರೆಯುವ ತೊಡಕಿಲ್ಲದೆ, ಟರ್ಮಿನಲ್ಲಿನ ಮುಂದೆ ಕುಳಿತ ವಿಶ್ಲೇಷಕನು ಒಂದೊಂದೇ ಸಾಲು ಬರೆದು, ಉತ್ತರ ಪಡೆದು, ಅದನ್ನು ನೋಡಿ ಮುಂದಿನ ಸಾಲನ್ನು ಯೋಚಿಸುವಂತಾಗಬೇಕೆಂಬುದು ಅವರ ಉದ್ದೇಶವಾಗಿತ್ತು. ತಾನು ಪ್ರೋಗ್ರಾಮ್ ಬರೆಯುತ್ತಿರುವೆನೆಂಬ ಅರಿವಿಲ್ಲದೆಯೇ ತೊಡಗಿ, ಅಗತ್ಯ ಬೆಳೆದಂತೆಲ್ಲ ತನಗೆ ತಿಳಿಯದಂತೆ ಪ್ರೋಗ್ರಾಮರನಾಗುವವನೇ ಚೇಂಬರ್ಸರ ಕಣ್ಣಮುಂದಿದ್ದ ಬಳಕೆದಾರ. 1990ರ ದಶಕದ ಆದಿಯಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾನಿಲಯದ ರಾಸ್ ಇಹಾಕ ಮತ್ತು ರಾಬರ್ಟ್ ಜಂಟಲ್‌ಮನ್ ಎಂಬ ಇಬ್ಬರು ಅಧ್ಯಾಪಕರು, ತಮ್ಮ ವಿದ್ಯಾರ್ಥಿಗಳ ಮ್ಯಾಕಿಂತಾಷ್ ಯಂತ್ರಗಳಲ್ಲಿ ನಡೆಯಬಲ್ಲ ಒಳ್ಳೆಯ ಸಾಧನವಿಲ್ಲದುದನ್ನು ಕಂಡು, ಆರ್ ಭಾಷೆಯನ್ನು ಕಟ್ಟಲು ತೊಡಗಿದರು. ಒಳಗಿನ ಯಂತ್ರಕ್ಕೆ ಸ್ಕೀಮ್ ಭಾಷೆಯ ಶಿಸ್ತು, ಹೊರಗಿನ ಮಾತಿಗೆ ಎಸ್ ಭಾಷೆಯ ಸಲಿಗೆ. ಒಂದೇ ಶರೀರದಲ್ಲಿ ನೆಲಸಿದ ಈ ಎರಡು ಸ್ವಭಾವಗಳು ಇಂದಿಗೂ ಪೂರ್ತಿಯಾಗಿ ಹೊಂದಿಕೊಂಡಿಲ್ಲ. 1995ರಲ್ಲಿ ಅದು ಮುಕ್ತ ಪರವಾನಗಿಯಡಿ ಲೋಕಕ್ಕೆ ಬಂತು; 2000ದ ಫೆಬ್ರವರಿ 29ರಂದು ಅದರ 1.0.0 ಆವೃತ್ತಿ ಹೊರಟಿತು.

ವೇಷದ ಮಾತನ್ನು ಬೇಗ ಮುಗಿಸಿಬಿಡಬಹುದು. 1963ರ ಆಸ್ಕಿ ಸಂಕೇತಪಟ್ಟಿಯಲ್ಲಿ ಎಡಬಾಣಕ್ಕೆ ಒಂದು ಸ್ಥಾನವಿದ್ದಿತು. 1967ರ ಪರಿಷ್ಕರಣದಲ್ಲಿ ಅದೇ ಸ್ಥಾನಕ್ಕೆ ಅಂಡರ್‌ಸ್ಕೋರ್ ಬಂದು ಕುಳಿತಿತು. ಆದುದರಿಂದ ಎಸ್ ಭಾಷೆಯಲ್ಲಿ ಅಂಡರ್‌ಸ್ಕೋರ್ ಎಂದರೂ ಬಾಣವೇ. ಅದು ಈ ಕೆಲಸದಲ್ಲಿ ತೊಡಗಿದ್ದುದರಿಂದ ಹೆಸರುಗಳ ನಡುವೆ ಪದಗಳನ್ನು ಬಿಡಿಸಲು ಚುಕ್ಕಿಯೊಂದೇ ಉಳಿಯಿತು. 2003ರ 1.8.0 ಆವೃತ್ತಿಯಲ್ಲಿ ಅಂಡರ್‌ಸ್ಕೋರಿಗೆ ಬಾಣದ ಕೆಲಸದಿಂದ ಬಿಡುಗಡೆಯಾಗಿ, ಮರುವರ್ಷ ಹೆಸರುಗಳೊಳಗೆ ಪ್ರವೇಶ ದೊರೆತಾಗ, ಚುಕ್ಕಿಯ ಅಭ್ಯಾಸ ಬೇರುಬಿಟ್ಟಾಗಿತ್ತು. ಇಷ್ಟರಲ್ಲಿ ಚುಕ್ಕಿಗೆ ಇನ್ನೊಂದು ಹೊಣೆಯೂ ಅಂಟಿಕೊಂಡಿತ್ತು: ಸಾಮಾನ್ಯ ಫಂಕ್ಷನ್ನಿನ ಹೆಸರು, ಚುಕ್ಕಿ, ವರ್ಗದ ಹೆಸರು ಎಂದು ಜೋಡಿಸಿದರೆ ಆ ವರ್ಗದ ವಸ್ತುವಿಗೆ ತಕ್ಕ ವಿಧಾನವಾಗುತ್ತದೆ. ಹೀಗಿರುವಲ್ಲಿ ಟಿ ಡಾಟ್ ಟೆಸ್ಟ್ ಎಂಬುದು ಸ್ಟೂಡೆಂಟನ ಪರೀಕ್ಷೆಯೋ, ಅಥವಾ ಸಾಲನ್ನೂ ಕಂಬವನ್ನೂ ಅದಲುಬದಲು ಮಾಡುವ ಟಿ ಫಂಕ್ಷನ್ನಿನ, ಟೆಸ್ಟ್ ಎಂಬ ವರ್ಗಕ್ಕೆ ಮೀಸಲಾದ ರೂಪವೋ ಎಂಬುದನ್ನು ಹೆಸರಿನಿಂದ ಹೇಳಲಾಗದು; ಅಂಥ ವರ್ಗದ ವಸ್ತುವೊಂದನ್ನು ಟಿ ಫಂಕ್ಷನ್ನಿಗೆ ಕೊಟ್ಟರೆ ಯಂತ್ರವೂ ಮೋಸಹೋಗುತ್ತದೆ. ವಿಲಕ್ಷಣವೇನೋ ಹೌದು, ಆದರೆ ಇದರಿಂದ ಸರಾಸರಿ ತಪ್ಪಿದವರು ವಿರಳ.

ಇನ್ನು ಶೀಲದ ವಿಚಾರ. ದತ್ತಾಂಶದಲ್ಲಿ ಕಾಣೆಯಾದ ಬೆಲೆಯನ್ನು ಈ ಭಾಷೆ ಎನ್‌ಎ ಎಂದು ಗುರುತಿಸುತ್ತದೆ. ಅದು ಸೊನ್ನೆಯಲ್ಲ, ಬರಿದಾದ ಪಠ್ಯವಲ್ಲ, ತಪ್ಪೂ ಅಲ್ಲ. ಇದೆ ಆದರೆ ನಮಗೆ ತಿಳಿಯದು ಎಂಬ ಸ್ಥಿತಿ. ಎನ್‌ಎಗೆ ಐದನ್ನು ಕೂಡಿದರೆ ಎನ್‌ಎ. ಎನ್‌ಎ ಒಂದಕ್ಕಿಂತ ದೊಡ್ಡದೆ ಎಂದು ಕೇಳಿದರೆ ಉತ್ತರವೂ ಎನ್‌ಎ. ನೂರು ಅಂಕಿಗಳಲ್ಲಿ ಒಂದು ಕಾಣೆಯಾಗಿದ್ದರೂ, ಅದನ್ನು ಬಿಟ್ಟು ಎಣಿಸು ಎಂದು ನಾವು ಬಾಯಿಬಿಟ್ಟು ಹೇಳುವವರೆಗೆ ಸರಾಸರಿಯನ್ನು ಕೊಡಲೊಲ್ಲದು. ಇದು ಒಣಹಟವಲ್ಲ ಎಂಬುದಕ್ಕೆ ಒಂದು ಸೂಕ್ಷ್ಮವಾದ ನಿದರ್ಶನವಿದೆ: ಎನ್‌ಎಯ ಸೊನ್ನೆಯ ಘಾತವೆಷ್ಟು ಎಂದು ಕೇಳಿದರೆ ಆರ್ ಒಂದು ಎಂದು ಉತ್ತರಿಸುತ್ತದೆ, ಏಕೆಂದರೆ ಕಾಣೆಯಾದ ಸಂಖ್ಯೆ ಯಾವುದೇ ಆಗಿದ್ದರೂ ಉತ್ತರ ಅದೇ. ತಿಳಿದುದರಿಂದ ಖಚಿತವಾಗಿ ಹೇಳಬಹುದಾದಷ್ಟನ್ನು ಹೇಳುವುದು, ಹೇಳಲಾಗದಲ್ಲಿ ತಡೆದು ನಿಲ್ಲುವುದು: ಸಂಖ್ಯಾಶಾಸ್ತ್ರಜ್ಞನ ಧರ್ಮವನ್ನು ಇಷ್ಟು ಶುದ್ಧವಾಗಿ ವ್ಯಾಕರಣಕ್ಕಿಳಿಸಿದ ಭಾಷೆಗಳು ಹೆಚ್ಚಿಲ್ಲ.

ಇಂಥ ತತ್ತ್ವನಿಷ್ಠೆಯುಳ್ಳ ಭಾಷೆಯು ಫ್ಯಾಕ್ಟರಿನ ವಿಷಯದಲ್ಲಿ ನಡೆದುಕೊಂಡ ರೀತಿಯನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ನಾಲ್ಕು ಮಳೆಮಾಪನ ಕೇಂದ್ರಗಳ ದಿನದ ಲೆಕ್ಕ ಒಂದು ಕಂಬದಲ್ಲಿದೆಯೆಂದು ಇಟ್ಟುಕೊಳ್ಳೋಣ: 40, 5, 112 ಮಿಲಿಮೀಟರು, ನಾಲ್ಕನೆಯ ಕೇಂದ್ರದ ಗುಮಾಸ್ತ ಅಂಕಿಯ ಬದಲು ‘ಇಲ್ಲ’ ಎಂದು ಬರೆದಿದ್ದಾನೆ. ಆ ಒಂದು ಪದದಿಂದ ಇಡೀ ಕಂಬವೇ ಪಠ್ಯವಾಯಿತು. ಪಠ್ಯವೆಂದರೆ ಗಂಡು-ಹೆಣ್ಣು, ಗೊಬ್ಬರ ಹಾಕಿದ್ದು-ಹಾಕದ್ದು ಎಂಬಂತಹ ವರ್ಗನಾಮವೇ ಇರಬೇಕೆಂದು ಊಹಿಸಿದ ಹಳೆಯ ಆರ್, ಕಡತವನ್ನು ಓದುವಾಗಲೇ ಅದನ್ನು ಫ್ಯಾಕ್ಟರ್ ಮಾಡಿ, ಅಕ್ಷರಕ್ರಮದಲ್ಲಿ 112ಕ್ಕೆ ಒಂದು, 40ಕ್ಕೆ ಎರಡು, 5ಕ್ಕೆ ಮೂರು, ‘ಇಲ್ಲ’ಕ್ಕೆ ನಾಲ್ಕು ಎಂದು ಒಳಗೊಳಗೇ ಸಂಕೇತ ಕೊಟ್ಟಿತು. ಇದನ್ನರಿಯದ ವಿಶ್ಲೇಷಕನು ಕಂಬವನ್ನು ಸಂಖ್ಯೆಯಾಗಿಸು ಎಂದಾಗ ಅವನ ಕೈಗೆ ಬಂದುದು 2, 3, 1, 4. ಸರಾಸರಿ ಎರಡೂವರೆ ಮಿಲಿಮೀಟರು. ಎಚ್ಚರಿಕೆಯ ಮಾತು ಒಂದೂ ಇಲ್ಲ. ಕಾಣೆಯಾದ ಒಂದು ಅಂಕಿಗಾಗಿ ಸರಾಸರಿಯನ್ನೇ ನಿರಾಕರಿಸಿದ ಭಾಷೆ, ಇದ್ದ ಮೂರು ಅಂಕಿಗಳನ್ನೂ ಸದ್ದಿಲ್ಲದೆ ಕಳೆದು ನಗುಮುಖದಿಂದ ಉತ್ತರ ಕೊಟ್ಟಿತು. ಸಾಕೆಂದು ಹೇಳುವ ಮೊದಲೇ, ಏನು ಬೇಕೆಂದು ಕೇಳದೆಯೇ ಎಲೆಗೆ ಬಡಿಸಿಬಿಡುವ ಅತ್ಯುಪಚಾರದಂತಿದೆ ಇದು.

ಅದೇ ಉಪಚಾರಗುಣ ಬೇರೆಡೆಗಳಲ್ಲಿಯೂ ಕಾಣುತ್ತದೆ. ಮ್ಯಾಟ್ರಿಕ್ಸಿನಿಂದ ಎರಡು ಕಂಬಗಳನ್ನು ಆರಿಸಿದರೆ ಮ್ಯಾಟ್ರಿಕ್ಸ್ ದೊರೆಯುತ್ತದೆ. ಒಂದನ್ನೇ ಆರಿಸಿದರೆ, ಒಂದು ಕಂಬಕ್ಕೆ ಮ್ಯಾಟ್ರಿಕ್ಸಿನ ಆಡಂಬರವೇಕೆಂದು ಅದು ಬರಿಯ ವೆಕ್ಟರ್ ಆಗಿಬಿಡುತ್ತದೆ. ಆರು ಅಂಕಿಗಳ ಸಾಲಿಗೆ ಎರಡು ಅಂಕಿಗಳ ಸಾಲನ್ನು ಕೂಡಿದರೆ, ಎರಡನ್ನೇ ಮೂರು ಬಾರಿ ಮರಳಿಸಿ ಮೌನವಾಗಿ ಕೂಡಿಕೊಡುತ್ತದೆ. ಒಂದರಿಂದ ಸಾಲಿನ ಉದ್ದದವರೆಗೆ ಎಣಿಸು ಎಂದಾಗ ಸಾಲು ಬರಿದಾಗಿದ್ದರೆ, ಒಂದೂ ಬಾರಿ ನಡೆಯಬಾರದ ಕೆಲಸ ಒಂದು, ಸೊನ್ನೆ ಎಂದು ಹಿಮ್ಮೊಗವಾಗಿ ಎರಡು ಬಾರಿ ನಡೆಯುತ್ತದೆ. ಟರ್ಮಿನಲ್ಲಿನ ಮುಂದೆ ಕುಳಿತವನಿಗೆ ಇವೆಲ್ಲ ಅನುಕೂಲಗಳೇ: ಉತ್ತರ ಕಣ್ಣೆದುರಿಗಿರುತ್ತದೆ, ತಪ್ಪಿದ್ದರೆ ಕೂಡಲೆ ತಿಳಿಯುತ್ತದೆ, ತಿದ್ದಿ ಮುಂದುವರಿಯಬಹುದು. ಆದರೆ ಅದೇ ಸಾಲುಗಳು ಕಡತವೊಂದರಲ್ಲಿ ನೆಲಸಿ, ಯಾರೂ ನೋಡದ ಹೊತ್ತಿನಲ್ಲಿ, ಯಾರೂ ಊಹಿಸದ ದತ್ತಾಂಶದ ಮೇಲೆ ನಡೆಯತೊಡಗಿದಾಗ, ನೋಡುವ ಕಣ್ಣನ್ನು ನಂಬಿ ಕೊಟ್ಟ ಸಲಿಗೆಗಳೆಲ್ಲ ಅಪಾಯಗಳಾಗುತ್ತವೆ.

ನ್ಯೂಜಿಲೆಂಡಿನವರೇ ಆದ ಹ್ಯಾಡ್ಲಿ ವಿಕ್ಯಾಮರ ಸುತ್ತ ಬೆಳೆದು, 2016ರಿಂದ ಟೈಡಿವರ್ಸ್ ಎಂಬ ಹೆಸರಿನಿಂದ ಪ್ರಸಿದ್ಧವಾದ ನವ್ಯಪಂಥವು ಈ ಮರ್ಮವನ್ನು ಅರಿತಿತ್ತೆನ್ನಬೇಕು. ಅವರ ಟಿಬಲ್ ಎಂಬ ಕೋಷ್ಟಕವು ಒಂದು ಕಂಬವನ್ನು ಆರಿಸಿದರೂ ಕೋಷ್ಟಕವಾಗಿಯೇ ಉಳಿಯುತ್ತದೆ; ಅರ್ಧ ಬರೆದ ಹೆಸರನ್ನು ಪೂರ್ತಿಮಾಡಿಕೊಳ್ಳುವುದಿಲ್ಲ; ಒಂದೇ ಅಂಕಿಯನ್ನಲ್ಲದೆ ಬೇರಾವ ಸಾಲನ್ನೂ ಮರಳಿಸುವುದಿಲ್ಲ. ಇದು ಎನ್‌ಎಯ ಧರ್ಮಕ್ಕೆ ಮರಳಿದಂತೆಯೇ ಸರಿ. ಸಾಲುಸಾಲಾಗಿ ಮೇಲಿನಿಂದ ಕೆಳಕ್ಕೆ ಹರಿಯುವ ಅವರ ಪೈಪಿನ ಶೈಲಿಯೂ ಓದಲು ಸುಖಕರ, 2021ರ 4.1.0 ಆವೃತ್ತಿಯಲ್ಲಿ ಮೂಲಭಾಷೆಯೇ ತನ್ನದೊಂದು ಪೈಪನ್ನು ಮಾಡಿಕೊಂಡಿತು. ಆದರೆ ಈ ಪಂಥಕ್ಕೂ ತನ್ನದೇ ಚಾಪಲ್ಯವುಂಟು. ಕೋಷ್ಟಕದ ರೂಪ ಬದಲಿಸಲು ಮೊದಲು ರೀಶೇಪ್, ಆಮೇಲೆ ರೀಶೇಪ್ 2, ಆಮೇಲೆ ಟೈಡಿಆರ್. ಅದರೊಳಗೂ ಗ್ಯಾದರ್, ಸ್ಪ್ರೆಡ್ ಎಂಬುವನ್ನು ಕಲಿತು ಮುಗಿಸುವಷ್ಟರಲ್ಲಿ 2019ರಲ್ಲಿ ಪಿವಟ್ ಎಂಬ ಹೊಸ ಜೋಡಿ. ನಿನ್ನೆಯ ಪಠ್ಯಪುಸ್ತಕವನ್ನು ಇಂದು ಹಳತಾಗಿಸುವ ಈ ವೇಗದ ಪಕ್ಕದಲ್ಲಿ, ಕುಂದುಗಳನ್ನೂ ದಶಕಗಟ್ಟಲೆ ಕಾಪಾಡಿಕೊಂಡು ಬಂದ ಮೂಲಭಾಷೆಯ ಸಂಪ್ರದಾಯಶರಣತೆಯೇ ಸಂಶೋಧಕನಿಗೆ ಹೆಚ್ಚು ಉಪಕಾರಿ ಎಂದು ನನಗೆ ತೋರುತ್ತದೆ. ಹದಿನೈದು ವರ್ಷಗಳ ಹಿಂದಿನ ಪ್ರಬಂಧವೊಂದರ ಲೆಕ್ಕವನ್ನು ಮತ್ತೆ ನಡೆಸಿ ನೋಡಬೇಕಾದವನಿಗೆ ಹೊಸ ಹೆಸರಿನ ಸೊಬಗಿಂತ ಹಳೆಯ ಹೆಸರಿನ ಬಾಳಿಕೆ ದೊಡ್ಡದು.

ಮೂಲಭಾಷೆ ಕದಲಿಲ್ಲವೆಂದಲ್ಲ. 2020ರ 4.0.0 ಆವೃತ್ತಿಯಲ್ಲಿ, ಪಠ್ಯವನ್ನು ಕೇಳದೆಯೇ ಫ್ಯಾಕ್ಟರ್ ಮಾಡುವ ವಾಡಿಕೆ ನಿಂತಿತು. ಒಂದು ಷರತ್ತು ಇರಬೇಕಾದಲ್ಲಿ ಹಲವನ್ನು ಕೊಟ್ಟರೆ, ಎಚ್ಚರಿಕೆಯೊಂದನ್ನು ಗೊಣಗಿ ಮೊದಲನೆಯದನ್ನು ಎತ್ತಿಕೊಳ್ಳುತ್ತಿದ್ದುದು 2022ರ 4.2.0 ಆವೃತ್ತಿಯಿಂದ ತಪ್ಪೆಂದೇ ಘೋಷಿತವಾಯಿತು. ಸರಿಯಾದ ಕಡೆಗೆ, ಬಹಳ ನಿಧಾನವಾಗಿ ಇಟ್ಟ ಹೆಜ್ಜೆಗಳಿವು. ಆದರೂ ಸ್ಯಾಂಪಲ್ ಎಂಬ ಫಂಕ್ಷನ್ ಹಾಗೆಯೇ ಇದೆ: 3, 7, 9 ಎಂಬ ಸಾಲನ್ನು ಕೊಟ್ಟರೆ ಅವನ್ನೇ ಕಲಸಿಕೊಡುವ ಅದು, ಸಾಲಿನಲ್ಲಿ 7 ಒಂದೇ ಉಳಿದಿದ್ದ ದಿನ, ಒಂದರಿಂದ ಏಳರವರೆಗಿನ ಸಂಖ್ಯೆಗಳನ್ನೆಲ್ಲ ಕಲಸಿಕೊಡುತ್ತದೆ. ಈ ಅನುಕೂಲವು ಅನರ್ಥಕ್ಕೆ ಕಾರಣವಾಗಬಹುದೆಂದು ಅದರ ಸಹಾಯಪುಟವೇ ಎಚ್ಚರಿಸಿ, ಕೆಳಗೆ ಉದಾಹರಣೆಗಳ ಸಾಲಿನಲ್ಲಿ ಇದಕ್ಕಿಂತ ಸುರಕ್ಷಿತವಾದ ಫಂಕ್ಷನ್ ಒಂದನ್ನು ಬರೆದುಕೊಟ್ಟಿದೆ. ಅದನ್ನು ಬಳಕೆದಾರನೇ ನಕಲುಮಾಡಿಕೊಳ್ಳಬೇಕು.