ಕ್ವೆರಿ ಉದ್ದವಾದರೆ ತಪ್ಪು ಯಾರದು?

ಮೈಕ್ರೋಸಾಫ್ಟ್ ಆಕ್ಸೆಸ್ ಅಂದ್ರೆ ನಮ್ಮ ಐಟಿ ಮಂದಿಗೆ ಒಂಥರಾ ನಗು. ‘ಅದೇನ್ರೀ, ಆಟದ ಸಾಮಾನು’ ಅಂತಾರೆ. 1992ರಲ್ಲಿ ಬಂದ ಈ ಸಾಫ್ಟ್‌ವೇರ್ ಮಾತ್ರ ನಗುವವರ ಗೊಡವೆಗೆ ಹೋಗದೆ, ಅಕೌಂಟ್ಸ್ ವಿಭಾಗದ ಮೂಲೆಯಲ್ಲೋ ಗೋಡೌನಿನ ಹಳೇ ಕಂಪ್ಯೂಟರಿನಲ್ಲೋ ಇವತ್ತಿಗೂ ದುಡಿಯುತ್ತಿದೆ. ಪ್ರೋಗ್ರಾಮಿಂಗ್ ಓದದವರೂ ಡೇಟಾಬೇಸ್ ಕಟ್ಟಬಹುದು ಅನ್ನೋ ಧೈರ್ಯ ಕೊಟ್ಟದ್ದು ಅದರ ದೊಡ್ಡಸ್ತಿಕೆ. ಆದರೆ ಅದೇ ಜನ ಕ್ವೆರಿಯನ್ನು ಸ್ವಲ್ಪ ಉದ್ದ ಮಾಡಿದರೆ ಅದು ಕೈಕೊಡುವ ರೀತಿ ಇದೆಯಲ್ಲ, ನನ್ನ ತಕರಾರು ಅಲ್ಲಿ.

ಮೈಕ್ರೋಸಾಫ್ಟೇ ಕೊಟ್ಟಿರುವ ಲೆಕ್ಕ ನೋಡಿ. ಒಂದು ಕ್ವೆರಿಯ ಎಸ್‌ಕ್ಯೂಎಲ್ ಸುಮಾರು 64,000 ಅಕ್ಷರ ಇರಬಹುದು. ಅದನ್ನೇ ವಿಬಿಎ ಕೋಡಿನಲ್ಲಿ ‘ರನ್‌ಎಸ್‌ಕ್ಯೂಎಲ್’ ಮೂಲಕ ಓಡಿಸಿದರೆ 32,768. ಮ್ಯಾಕ್ರೋ ವಿಂಡೋದಲ್ಲಿ ಬರೆದರೆ ಬರೀ 256! ಡಿಸೈನ್ ಗ್ರಿಡ್ಡಿನ ಒಂದು ಖಾನೆಗೆ 1,024. ಸಾಲದ್ದಕ್ಕೆ, ‘ವೇರ್’ ಭಾಗದಲ್ಲಿ ‘ಆ್ಯಂಡ್’ 99 ಸಲ ಮಾತ್ರ. ಮನೆ ಒಂದೇ, ಬಾಗಿಲಿಗೊಂದು ಎತ್ತರ. ತಲೆ ಯಾವ ಬಾಗಿಲಿಗೆ ಬಡಿಯಿತು ಅಂತ ಕೇಳಿದರೆ ಎಷ್ಟೋ ಸಲ ಸಿಗುವ ಉತ್ತರ ಒಂದೇ: ‘ಕ್ವೆರಿ ಈಸ್ ಟೂ ಕಾಂಪ್ಲೆಕ್ಸ್’. ಯಾವ ಭಾಗ, ಎಷ್ಟು ಜಾಸ್ತಿ, ಏನು ಮಾಡಬೇಕು? ಉಹುಂ, ಚಕಾರವಿಲ್ಲ.

ಕ್ವೆರಿ ಇಷ್ಟು ಉದ್ದ ಆಗೋದಾದರೂ ಯಾಕೆ? ಸಾಮಾನ್ಯವಾಗಿ ಯಾರೋ ಎಕ್ಸೆಲ್ಲಿನಿಂದ ಒಂದು ಪಟ್ಟಿ ತಂದು ‘ಇನ್’ ಎಂಬುದರ ಆವರಣದೊಳಗೆ ಸುರಿದಿರುತ್ತಾರೆ. ಹಾಲಿನ ಡೈರಿಯೊಂದರ ಲೆಕ್ಕ ಅಂತಲೇ ಇಟ್ಟುಕೊಳ್ಳಿ. ಆರಂಕಿಯ ಸದಸ್ಯ ಸಂಖ್ಯೆ, ಜೊತೆಗೊಂದು ಕಾಮಾ, ಒಟ್ಟು ಏಳು ಅಕ್ಷರ. ನೂರೈವತ್ತು ಸದಸ್ಯರು ತುಂಬುವಷ್ಟರಲ್ಲಿ ಗ್ರಿಡ್ಡಿನ ಖಾನೆ ಭರ್ತಿ.

ಆಗ ಶುರುವಾಗುತ್ತವೆ ಅಡ್ಡದಾರಿಗಳು. ಮೊದಲನೆಯದು, ಟೇಬಲ್ಲುಗಳಿಗೆ ಒಂದಕ್ಷರದ ಅಡ್ಡಹೆಸರಿಟ್ಟು ಜಾಗ ಉಳಿಸೋದು. ಇದರಿಂದ ಹಾನಿಯಿಲ್ಲ, ಆದರೆ ಮುಂದಿನ ತಿಂಗಳು ಐವತ್ತು ಸದಸ್ಯರು ಸೇರಿದರೆ ಮತ್ತೆ ಅದೇ ಗೋಳು.

ಎರಡನೆಯದು ಅಪಾಯದ್ದು: ಪಟ್ಟಿಯನ್ನು ತುಂಡು ಮಾಡಿ, ತುಂಡಿಗೊಂದು ಕ್ವೆರಿ ಬರೆದು, ಎಲ್ಲವನ್ನೂ ‘ಯೂನಿಯನ್’ ಹಾಕಿ ಹೊಲಿಯೋದು. ‘ಯೂನಿಯನ್’ಗೆ ಒಂದು ಗುಣವಿದೆ. ಎರಡು ಸಾಲು ಪೂರ್ತಿ ಒಂದೇ ಥರ ಕಂಡರೆ ಒಂದನ್ನು ಎತ್ತಿ ಬಿಸಾಕುತ್ತದೆ. ಒಬ್ಬ ರೈತ ಬೆಳಿಗ್ಗೆ 5 ಲೀಟರ್, ಸಂಜೆ 5 ಲೀಟರ್ ಹಾಲು ಹಾಕಿದ್ದಾನೆ. ನಿಮ್ಮ ಕ್ವೆರಿ ಸದಸ್ಯ ಸಂಖ್ಯೆ, ತಾರೀಖು, ಲೀಟರ್ ಇಷ್ಟನ್ನೇ ಆರಿಸಿದೆ. ಎರಡೂ ಸಾಲು ತದ್ರೂಪು, ಹಾಗಾಗಿ ಸಂಜೆಯ ಹಾಲು ಮಾಯ! ಎರರ್ ಮೆಸೇಜೂ ಇಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ‘ಯೂನಿಯನ್ ಆಲ್’ ಅಂತ ಬರೆದಿದ್ದರೆ ಎರಡೂ ಸಾಲು ಉಳಿಯುತ್ತಿದ್ದವು. ಒಂದು ಪದದ ವ್ಯತ್ಯಾಸಕ್ಕೆ ಒಬ್ಬನ ಸಂಜೆಯ ದುಡಿಮೆ ಹೋಯಿತು. ಉದ್ದವಾದ ಕ್ವೆರಿ ನಿಂತಾದರೂ ಹೋಗುತ್ತದೆ, ಮಾರಾಯ್ರೆ. ಇದು ನಿಲ್ಲದೆ ಓಡುತ್ತದೆ, ತಪ್ಪು ಲೆಕ್ಕ ಕೊಡುತ್ತದೆ, ನಾವು ಪ್ರಿಂಟ್ ತೆಗೆದು ಸಹಿ ಹಾಕುತ್ತೇವೆ.

ಮೂರನೆಯದು, ಕ್ವೆರಿಯ ಮೇಲೆ ಕ್ವೆರಿ ಸೇವ್ ಮಾಡುತ್ತಾ ಮಹಡಿ ಕಟ್ಟೋದು. ಎರಡು ಮೂರು ಮಹಡಿ ಚೆಂದ, ಓದೋಕೂ ಸುಲಭ. ಎಂಟು ಹತ್ತಾದರೆ, ಕಟ್ಟಿದವರು ಕೆಲಸ ಬಿಟ್ಟ ದಿನ ಉಳಿದವರಿಗೆ ಮೆಟ್ಟಿಲೇ ಸಿಗೋಲ್ಲ.

ಸರಿಯಾದ ದಾರಿ ಹಳೆಯದು, ಸರಳವಾದದ್ದು. ಆ ಸಂಖ್ಯೆಗಳನ್ನು ಒಂದು ಕಾಲಮ್ಮಿನ ಪುಟ್ಟ ಟೇಬಲ್ ಮಾಡಿ, ದೊಡ್ಡ ಟೇಬಲ್ಲಿನ ಜೊತೆ ‘ಜಾಯಿನ್’ ಹಾಕಿ. ನೂರಿರಲಿ, ಹತ್ತು ಸಾವಿರವಿರಲಿ, ಕ್ವೆರಿ ಮೂರೇ ಸಾಲು. ಒಂದು ಎಚ್ಚರಿಕೆ: ಸದಸ್ಯ ಸಂಖ್ಯೆಯನ್ನು ಪ್ರೈಮರಿ ಕೀ ಮಾಡಿ. ಇಲ್ಲದಿದ್ದರೆ ಪಟ್ಟಿಯಲ್ಲಿ ಒಂದು ಸಂಖ್ಯೆ ಎರಡು ಸಲ ನುಸುಳಿದರೆ ಆ ರೈತನ ಹಾಲೂ ದುಪ್ಪಟ್ಟಾಗುತ್ತದೆ. ರಾಗಿ ಇರಬೇಕಾದ್ದು ಕಣಜದಲ್ಲಿ. ಜೇಬಿಗೆ ತುರುಕಿ ‘ಜೇಬು ಸಣ್ಣದು’ ಅಂತ ದರ್ಜಿಯನ್ನು ಬೈದರೆ ಹೇಗೆ?

ಹಾಗಾದರೆ ಆಕ್ಸೆಸ್ಸಿನ ತಪ್ಪೇ ಇಲ್ಲವೆ? ಮಿತಿ ಇರೋದು ತಪ್ಪಲ್ಲ. ಒರಾಕಲ್‌ನಂಥ ದೊಡ್ಡ ಕುಳದಲ್ಲೂ ‘ಇನ್’ ಪಟ್ಟಿಗೆ ವರ್ಷಗಟ್ಟಲೆ 1,000ದ ಮಿತಿ ಇತ್ತು. ಆದರೆ ಒರಾಕಲ್ ‘ಪಟ್ಟಿಯಲ್ಲಿ ಸಾವಿರಕ್ಕಿಂತ ಹೆಚ್ಚಿದೆ’ ಅಂತ ನೇರವಾಗಿ ಹೇಳುತ್ತಿತ್ತು. ಪ್ರೋಗ್ರಾಮರ್ ಅಲ್ಲದವರಿಗಾಗಿಯೇ ಮಾಡಿದ ಸಾಫ್ಟ್‌ವೇರ್, ಪ್ರೋಗ್ರಾಮರುಗಳಿಗೂ ಅರ್ಥವಾಗದ ಹಾಗೆ ಮಾತಾಡಿದರೆ ಅದು ವಿನ್ಯಾಸದ ಸೋಲು. ‘ಈ ಪಟ್ಟಿಯನ್ನು ಟೇಬಲ್ ಮಾಡಲೇ?’ ಅಂತ ಒಂದು ಬಟನ್ ತೋರಿಸಿದ್ದರೆ ಎಷ್ಟು ಜನರ ರಾತ್ರಿ ನಿದ್ದೆ ಉಳಿಯುತ್ತಿತ್ತೋ!

ನಮ್ಮ ಪಾಲೂ ಇದೆ. ಅಕೌಂಟ್ಸ್‌ನವರು ಬಂದು ‘ಸರ್, ಕ್ವೆರಿ ಹಿಡಿಸ್ತಿಲ್ಲ’ ಅಂದಾಗ ನಾವು ಕುಯುಕ್ತಿ ಹೇಳಿಕೊಟ್ಟು ಕಾಫಿಗೆ ಹೋಗುತ್ತೇವೆ. ‘ಪಟ್ಟಿ ಎಲ್ಲಿಂದ ಬಂತು?’ ಅಂತ ಕೇಳೋದಿಲ್ಲ. ಆ ಪ್ರಶ್ನೆಗೆ ಎರಡು ನಿಮಿಷ ಸಾಕು. ಇನ್ನೆರಡು ನಿಮಿಷ ಇದ್ದರೆ, ಕ್ವೆರಿಯ ಒಟ್ಟು ಲೀಟರನ್ನು ಡೈರಿಯ ಪುಸ್ತಕದ ಒಟ್ಟು ಲೀಟರಿನ ಪಕ್ಕ ಇಟ್ಟು ನೋಡಿ. ಎರಡೂ ತಾಳೆಯಾದ ಮೇಲೆ ಕಾಫಿಗೆ ಹೋಗೋಣ.