ಕೊಳವೆಯ ಹಿಟ್ಟು, ಮುಚ್ಚಳದ ತೂತು

ಅಮೆರಿಕದ ಸೂಪರ್ ಮಾರ್ಕೆಟ್ಟಿನಲ್ಲಿ ಹಾಲು, ಬೆಣ್ಣೆ ಇಡುವ ತಂಪು ಕಪಾಟಿನ ಆಸುಪಾಸಿನಲ್ಲೇ ‘ಬಿಸ್ಕೆಟ್’ ಎಂದು ಬರೆದ ರಟ್ಟಿನ ಕೊಳವೆಗಳಿರುತ್ತವೆ. ಎಡಿಸನ್ನಿಗೋ ಫ್ರೀಮಾಂಟಿಗೋ ಹೊಸದಾಗಿ ಹೋದ ಕನ್ನಡಿಗರು ಇಲ್ಲಿ ತಬ್ಬಿಬ್ಬಾದರೆ ತಪ್ಪಿಲ್ಲ. ಚಹಾದಲ್ಲಿ ಅದ್ದುವ ಬಿಸ್ಕತ್ತಿಗೆ ಫ್ರಿಜ್ಜಿನಲ್ಲೇನು ಕೆಲಸ? ಅಲ್ಲಿನವರಿಗೆ ಬಿಸ್ಕೆಟ್ ಎಂದರೆ ಓವನ್ನಿನಿಂದ ಬಿಸಿಬಿಸಿಯಾಗಿ ಹೊರಬರುವ, ಮೆತ್ತಗಿನ ದಪ್ಪ ಬನ್ನಿನಂಥ ತಿಂಡಿ. ಕೊಳವೆಯಲ್ಲಿರುವುದು ಅದರ ಹಸಿ ಹಿಟ್ಟು. ಅದನ್ನೇ ಓವನ್ನಿನ ಬದಲು ಕಾದ ಎಣ್ಣೆಗೆ ಬಿಟ್ಟರೆ ಡೋನಟ್.

ಈ ಕೊಳವೆಯ ಹುಟ್ಟು ಕೆಂಟಕಿ ರಾಜ್ಯದ ಲೂಯಿವಿಲ್‌ನಲ್ಲಿ. ಹಿಟ್ಟನ್ನು ಹೀಗೆ ತುಂಬಿಡುವ ವಿಧಾನಕ್ಕೆ ಲೈವ್ಲಿ ವಿಲ್ಲೋಬಿ ಎಂಬ ಬೇಕರಿಯವರು 1931ರಲ್ಲಿ ಪೇಟೆಂಟ್ ಪಡೆದರು. ಹಿಟ್ಟಿನೊಳಗಿನ ಸೋಡಾ ಮತ್ತು ನಿಧಾನವಾಗಿ ಕೆಲಸ ಮಾಡುವ ಆಮ್ಲ ಲವಣ ಸೇರಿ ಅನಿಲ ಹೊರಡುತ್ತದೆ, ಹಿಟ್ಟು ಉಬ್ಬಿ ಕೊಳವೆಯನ್ನು ಒಳಗಿಂದಲೇ ಒತ್ತುತ್ತದೆ. ರಟ್ಟಿನ ಬೆಸುಗೆಯ ಮೇಲೆ ಚಮಚ ಅದುಮಿದಾಗ ‘ಟಪ್’ ಎಂದು ಸಿಡಿಯುವುದು ಆ ಒತ್ತಡವೇ. ಗೊತ್ತಿದ್ದೂ ಬೆಚ್ಚಿಬೀಳದವರು ಕಡಿಮೆ. ಇದನ್ನು ಮಾರುತ್ತಿದ್ದ ಬ್ಯಾಲಾರ್ಡ್ ಅಂಡ್ ಬ್ಯಾಲಾರ್ಡ್ ಕಂಪನಿಯನ್ನು 1951ರಲ್ಲಿ ಪಿಲ್ಸ್‌ಬರಿ ಕೊಂಡಿತು. 1965ರ ಜಾಹೀರಾತಿನಲ್ಲಿ ಇಂಥದೇ ಕೊಳವೆಯಿಂದ ಹೊರಬಂದ ಬಿಳಿ ಹಿಟ್ಟಿನ ಬೊಂಬೆ ‘ಡೋಬಾಯ್’ ಇವತ್ತಿಗೂ ಪಿಲ್ಸ್‌ಬರಿ ಬ್ರ್ಯಾಂಡಿನ ಗುರುತು.

ಕೊಳವೆಯ ಹಿಟ್ಟನ್ನು ಕರಿದರೆ ಅದು ಡೋನಟ್ಟೇ ಅಲ್ಲ ಎನ್ನುವ ಮಡಿವಂತರ ಮಾತಿನಲ್ಲಿ ಅರ್ಧ ಸತ್ಯವಿದೆ. ಡೋನಟ್ ಅಂಗಡಿಯ ಹಗುರಾದ, ಜಗ್ಗುವ ಮೈ ಬರುವುದು ಯೀಸ್ಟ್ ಹಾಕಿ ಹುದುಗಿಸಿದ ಹಿಟ್ಟಿಗೆ. ಕೊಳವೆಯ ಹಿಟ್ಟಿನದು ಕಚ್ಚಿದರೆ ಉದುರುವ ಮೈ, ಉಪ್ಪೂ ತುಸು ಮುಂದು. ಆದರೆ ಆ ಉಪ್ಪೇ ಕಹಿಮಿಶ್ರಿತ ಡಾರ್ಕ್ ಚಾಕೊಲೇಟಿಗೆ ಹೇಳಿ ಮಾಡಿಸಿದ ಜೋಡಿ ಎಂಬುದು ಈ ಅಂಕಣಕಾರನ ಪಕ್ಷಪಾತ. ಕೊಳ್ಳುವಾಗ ಪದರು ಪದರಾಗಿ ಬಿಡುವ ಬಗೆಯನ್ನು ಬಿಟ್ಟು ಸಾದಾ ಮಜ್ಜಿಗೆ ಬಿಸ್ಕೆಟ್ ಆರಿಸುವುದು ಮೇಲು. ಪದರಿನದು ಎಣ್ಣೆಯಲ್ಲಿ ಬಿಚ್ಚಿಕೊಂಡೀತು.

ಹಿಟ್ಟನ್ನು ಫ್ರಿಜ್ಜಿನಿಂದ ತೆಗೆದ ಕೂಡಲೇ ಬಿಲ್ಲೆಗಳನ್ನು ಬಿಡಿಸಿ, ಅಂಗೈಯಲ್ಲಿ ಮೆಲ್ಲಗೆ ತಟ್ಟಿ, ನಡುವೆ ತೂತು ಮಾಡಬೇಕು. ಬೆಚ್ಚಗಾದರೆ ಕೈಗೆ ಅಂಟುತ್ತದೆ. ತೂತಿಗೆ ಸೋಡಾ ಬಾಟಲಿಯ ಮುಚ್ಚಳ ಸಾಕು. ಈ ಮುಚ್ಚಳಕ್ಕೊಬ್ಬ ಹಿರಿಯನಿದ್ದಾನೆ. ಅಮೆರಿಕದ ಮೇನ್ ರಾಜ್ಯದ ನಾವಿಕ ಹ್ಯಾನ್ಸನ್ ಗ್ರೆಗರಿ, 1847ರಲ್ಲಿ ಹದಿನಾರರ ಹುಡುಗನಾಗಿದ್ದಾಗ ಹಡಗಿನ ಮೆಣಸಿನಪುಡಿ ಡಬ್ಬಿಯ ಮುಚ್ಚಳದಿಂದ ಡೋನಟ್ಟಿಗೆ ಮೊದಲ ತೂತು ಕೊರೆದೆನೆಂದು ಮುಪ್ಪಿನಲ್ಲಿ ಪತ್ರಿಕೆಯವರ ಮುಂದೆ ಹೇಳಿಕೊಂಡ. ಅಂಚು ಗರಿಗರಿ, ನಡು ಹಸಿ ಎಂಬುದು ಅವನ ದೂರಾಗಿತ್ತು. ಉದ್ದಿನ ವಡೆ ತಟ್ಟುವವರು ಇದೇ ಮದ್ದನ್ನು ಹೆಬ್ಬೆರಳಿನಿಂದ ಮಾಡುತ್ತಾರೆ, ಹಕ್ಕು ಸಾಧಿಸಲು ಹೋದವರಿಲ್ಲ.

ಹಿಟ್ಟು ಕಲಸುವ ಕೆಲಸ ತಪ್ಪಿತೆಂದರೆ ಜಾಣತನವೆಲ್ಲ ಎಣ್ಣೆಯ ಪಾಲಿಗೆ ಬರುತ್ತದೆ. ಎಂಟು ಬಿಲ್ಲೆಗಳ ದೊಡ್ಡ ಕೊಳವೆಯ ತೂಕ ಸುಮಾರು 460 ಗ್ರಾಂ; ಒಂದೊಂದು ಬಿಲ್ಲೆಯೂ 57–58 ಗ್ರಾಂನ ದಪ್ಪ ಆಸಾಮಿ. ಎಣ್ಣೆ 190 ಡಿಗ್ರಿ ಸೆಲ್ಸಿಯಸ್ ದಾಟಿದರೆ ಹೊರಗೆ ಚೆಂದದ ಕಂದು, ಒಳಗೆ ಹಸಿ ಹಿಟ್ಟು. 160ಕ್ಕಿಳಿದರೆ ಡೋನಟ್ ಎಣ್ಣೆ ಕುಡಿದು ಭಾರವಾಗುತ್ತದೆ. 175ರ ಆಸುಪಾಸು ಹದ. ಥರ್ಮಾಮೀಟರ್ ಇಲ್ಲದಿದ್ದರೆ ಕೊರೆದು ತೆಗೆದ ಪುಟ್ಟ ಉಂಡೆಗಳಲ್ಲೊಂದನ್ನು ಮೊದಲು ಬಿಟ್ಟು ನೋಡಬಹುದು: ಸುತ್ತ ಗುಳ್ಳೆಯೆದ್ದು ಮೇಲೆ ತೇಲಬೇಕು, ಆದರೆ ಕ್ಷಣದಲ್ಲೇ ಕಪ್ಪೇರಬಾರದು. ಒಮ್ಮೆಗೆ ಎರಡು ಮೂರಕ್ಕಿಂತ ಹೆಚ್ಚು ಬಿಟ್ಟರೆ ಎಣ್ಣೆ ತಣಿಯುತ್ತದೆ. ಮಗ್ಗುಲಿಗೆ ಒಂದು, ಒಂದೂವರೆ ನಿಮಿಷ. ಮೊದಲನೆಯದನ್ನು ಮುರಿದು ನೋಡದೆ ಎರಡನೆಯ ಸುತ್ತಿಗೆ ಕೈ ಹಾಕದಿರುವುದು ಒಳ್ಳೆಯದು.

ಇನ್ನು ಡೋನಟ್ ಅದ್ದಲು ಚಾಕೊಲೇಟ್. ಕುಕ್ಕಿಯಲ್ಲಿ ಬೆಂದರೂ ಆಕಾರ ಬಿಡಬಾರದೆಂದು ಚಿಪ್ಸ್‌ನಲ್ಲಿ ಕೊಕೊ ಬೆಣ್ಣೆಯನ್ನು ಕಡಿಮೆ ಇಟ್ಟಿರುತ್ತಾರೆ. ಕರಗಿಸಿದರೆ ಅದು ಗೊಜ್ಜಿನಷ್ಟು ಗಟ್ಟಿ. ಒಂದು ಚಮಚ ಕೊಬ್ಬರಿ ಎಣ್ಣೆ ಬೆರೆಸಿದರೆ ಸಡಿಲವಾಗುತ್ತದೆ. ಬೆಂಗಳೂರಿನ ಬೇಕಿಂಗ್ ಸಾಮಗ್ರಿ ಅಂಗಡಿಗಳಲ್ಲಿ ಸಿಗುವ ‘ಕಾಂಪೌಂಡ್’ನಲ್ಲಿ ಕೊಕೊ ಬೆಣ್ಣೆಯ ಬದಲು ಬೇರೆ ಸಸ್ಯಜನ್ಯ ಕೊಬ್ಬಿರುತ್ತದೆ. ಬೇಗ ಗಟ್ಟಿಯಾಗಿ ಹೊಳೆಯುತ್ತದೆ, ನಾಲಿಗೆಗೆ ಮೇಣದ ನೆನಪು ತರುತ್ತದೆ. ಇವೆರಡಕ್ಕಿಂತ ಗನಾಶ್ ಮೇಲು. ನೂರು ಗ್ರಾಂ ಕ್ರೀಮನ್ನು ಅಂಚಿನಲ್ಲಿ ಗುಳ್ಳೆ ಏಳುವವರೆಗೆ ಕಾಯಿಸಿ, ಅಷ್ಟೇ ತೂಕದ ಚೂರು ಮಾಡಿದ ಡಾರ್ಕ್ ಚಾಕೊಲೇಟಿನ ಮೇಲೆ ಸುರಿದು, ಎರಡು ನಿಮಿಷ ಸುಮ್ಮನೆ ಬಿಟ್ಟು, ನಡುವಿನಿಂದ ಹೊರಕ್ಕೆ ತಿರುವಿದರೆ ಸಿದ್ಧ. ಬರೀ ಚಾಕೊಲೇಟನ್ನೇ ಕರಗಿಸುವವರು ಹಬೆಯ ಹನಿಗೆ ಹೆದರಬೇಕು. ಒಂದೆರಡು ತೊಟ್ಟು ನೀರು ಬಿದ್ದರೂ ಸಕ್ಕರೆ ಪುಡಿ ಅಂಟಿಕೊಂಡು ಇಡೀ ಬಟ್ಟಲು ಮರಳು ಮರಳಾಗುತ್ತದೆ. ವಿಚಿತ್ರವೆಂದರೆ ಅದಕ್ಕೆ ಪರಿಹಾರ ಇನ್ನಷ್ಟು ಬಿಸಿ ನೀರೋ ಕ್ರೀಮೋ. ಅದ್ದಲು ಬರುವಷ್ಟು ಸಾಸ್ ಆದರೂ ಉಳಿಯುತ್ತದೆ.

ಡೋನಟ್ ಕೈಗೆ ಬೆಚ್ಚಗೆ ತಾಗುವಷ್ಟು ಆರಿರಬೇಕು. ಸುಡುವಾಗಲೇ ಅದ್ದಿದರೆ ಚಾಕೊಲೇಟ್ ಜಾರಿ ತಟ್ಟೆ ಸೇರುತ್ತದೆ. ಒಂದೇ ಮುಖ ಅದ್ದಿ, ಕಾಲು ಸುತ್ತು ತಿರುಗಿಸಿ ಎತ್ತಿ, ತಂತಿ ಜಾಲರಿಯ ಮೇಲೆ ಅರ್ಧ ಗಂಟೆ. ಮರುದಿನಕ್ಕೆ ಇಟ್ಟರೆ ಒಣಗುತ್ತದೆ, ಆದ್ದರಿಂದ ಮನೆಯಲ್ಲಿ ಜನ ನೋಡಿಕೊಂಡು ಕೊಳವೆ ಒಡೆಯುವುದು ಲೇಸು. ಪುಟ್ಟ ಉಂಡೆಗಳನ್ನು ಕರಿದು ದಾಲ್ಚಿನ್ನಿ ಬೆರೆಸಿದ ಸಕ್ಕರೆಯಲ್ಲಿ ಹೊರಳಿಸಿಟ್ಟಿದ್ದರೆ, ಆ ಅರ್ಧ ಗಂಟೆಯಲ್ಲಿ ಮಕ್ಕಳು ಜಾಲರಿಯ ತಂಟೆಗೆ ಬರುವುದಿಲ್ಲ.